ದುಃಖಕಾಲದ ದುಆ

ದುಃಖವು ಅರಸನನ್ನೂ ಬಿಟ್ಟಿಲ್ಲ, ಆಳನ್ನೂ ಬಿಟ್ಟಿಲ್ಲ. ಅದು ಬಂದೆರಗಿದಾಗ ಮನುಷ್ಯನು ಯಾರಲ್ಲಿ, ಏನೆಂದು ಹೇಳಿಕೊಳ್ಳಬೇಕು? ಈ ಪ್ರಶ್ನೆಗೆ ಇಸ್ಲಾಂ ಧರ್ಮವು ಕೊಡುವ ಉತ್ತರವನ್ನು ತಿಳಿಯುವುದೇ ಈ ಕಿರುಲೇಖನದ ಉದ್ದೇಶ.

ನಾನು ಈ ವಿಚಾರಕ್ಕೆ ಕೈಹಾಕಲು ಕಾರಣವುಂಟು. ಕಳೆದ ವರ್ಷ ನನ್ನ ತಂದೆಯವರು ತೀರಿಕೊಂಡಾಗ, ಅಳುತ್ತಿದ್ದ ತಾಯಿಯನ್ನು ಕಂಡು ನೆರೆದವರಲ್ಲೊಬ್ಬರು, ಕಣ್ಣೀರು ಸಬ್ರ್‌ಗೆ, ಎಂದರೆ ಸಹನೆಗೆ, ವಿರುದ್ಧವೆಂದರು. ಅಂದಿನಿಂದ ತಾಯಿ ಅಳುವನ್ನು ನುಂಗಿಕೊಂಡರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆ ಮಾತು ನಿಜವೇ ಎಂದು ಓದಿ ನೋಡುವುದು ನನ್ನ ಕರ್ತವ್ಯವೆನಿಸಿತು.

ಮೊದಲು ಒಂದು ಭೇದವನ್ನು ಗಮನಿಸಬೇಕು. ನಮಾಜ್ ಎಂಬುದು ದಿನಕ್ಕೆ 5 ಬಾರಿ, ಗೊತ್ತಾದ ವೇಳೆಯಲ್ಲಿ, ಗೊತ್ತಾದ ಕ್ರಮದಲ್ಲಿ ಸಲ್ಲಿಸುವ ಪ್ರಾರ್ಥನೆ. ದುಆ ಎಂದರೆ ಕರೆ, ಮೊರೆ. ಅದಕ್ಕೆ ವೇಳೆಯ ಕಟ್ಟಿಲ್ಲ. ನಮಾಜಿನ ಹೊರಗೆ ಅದನ್ನು ಅವರವರ ಮನೆಮಾತಿನಲ್ಲಿಯೂ ಮಾಡಬಹುದು.

ಕುರ್‌ಆನಿನ 12ನೆಯ ಅಧ್ಯಾಯದಲ್ಲಿ ಪ್ರವಾದಿ ಯಾಕೂಬರ ಕಥೆಯಿದೆ. ಮಗ ಯೂಸುಫನನ್ನು ಕಳೆದುಕೊಂಡ ಆ ಮುದುಕನ ಕಣ್ಣುಗಳು ದುಃಖದಿಂದ ಬೆಳ್ಳಗಾದುವು. ತಮ್ಮ ಅಳಲನ್ನು ದೇವರೊಬ್ಬನಲ್ಲೇ ತೋಡಿಕೊಳ್ಳುವುದಾಗಿ ಅವರು ಮಕ್ಕಳಿಗೆ ತಿಳಿಸುತ್ತಾರೆ. ಅದೇ ಅಧ್ಯಾಯದಲ್ಲಿ ಸುಂದರವಾದ ಸಹನೆಯನ್ನು ನುಡಿದವರೂ ಅವರೇ. ಹಾಗಾದರೆ ಸಹನೆಯೂ ಅಳಲೂ ಒಂದೇ ಎದೆಯಲ್ಲಿ ಇರಬಲ್ಲುವು.

21ನೆಯ ಅಧ್ಯಾಯದಲ್ಲಿ ಪ್ರವಾದಿ ಯೂನುಸರು ಕತ್ತಲೊಳಗಿಂದ ಮೊರೆಯಿಡುತ್ತಾರೆ. ವಿಶೇಷವೇನೆಂದರೆ, ಆ ದುಆದಲ್ಲಿ ಬಿಡುಗಡೆಯ ಬೇಡಿಕೆಯೇ ಇಲ್ಲ. ದೇವರ ಏಕತ್ವ, ಅವನ ಪಾವಿತ್ರ್ಯ, ತಮ್ಮ ತಪ್ಪಿನ ಒಪ್ಪಿಗೆ, ಇವಿಷ್ಟೇ ಇವೆ. ಆದರೂ ಮುಂದಿನ ವಾಕ್ಯದಲ್ಲಿ ಅವರಿಗೆ ವ್ಯಥೆಯಿಂದ ಬಿಡುಗಡೆ ದೊರಕುತ್ತದೆ.

ಇನ್ನು ಪ್ರವಾದಿ ಮುಹಮ್ಮದರ ಬಾಳನ್ನು ನೋಡೋಣ. ಕ್ರಿ.ಶ. 619ರ ಸುಮಾರಿನಲ್ಲಿ ಪತ್ನಿ ಖದೀಜಾ, ಸಾಕಿದ ದೊಡ್ಡಪ್ಪ ಅಬೂ ತಾಲಿಬ್, ಇಬ್ಬರೂ ತೀರಿಕೊಂಡರು. ಆ ವರ್ಷಕ್ಕೆ ‘ದುಃಖದ ವರ್ಷ’ವೆಂದೇ ಹೆಸರಾಯಿತು. ಮುಂದೆ ಮದೀನದಲ್ಲಿ ಹಸುಗೂಸು ಇಬ್ರಾಹೀಮನು ಕಣ್ಣೆದುರಿಗೇ ಪ್ರಾಣಬಿಟ್ಟಾಗ ಅವರ ಕಣ್ಣುಗಳು ತುಂಬಿ ಬಂದುವು. ತಾವೂ ಅಳುವುದುಂಟೇ ಎಂದು ಒಡನಾಡಿಯೊಬ್ಬರು ಬೆರಗಾದರು. ಇದು ಕರುಣೆ ಎಂಬುದೇ ಪ್ರವಾದಿಯವರ ಉತ್ತರದ ಸಾರ. ಅವರು ತಡೆದದ್ದು ಕೆನ್ನೆ ಬಡಿದುಕೊಂಡು, ಬಟ್ಟೆ ಹರಿದುಕೊಂಡು ಗೋಳಾಡುವುದನ್ನು, ಕಣ್ಣೀರನ್ನಲ್ಲ.

ಬುಖಾರಿಯವರ ಹದೀಸ್ ಸಂಗ್ರಹದಲ್ಲಿ ಅವರು ಪದೇ ಪದೇ ಮಾಡುತ್ತಿದ್ದ ದುಆ ಒಂದಿದೆ. 8 ಸಂಕಟಗಳಿಂದ ಅದರಲ್ಲಿ ರಕ್ಷಣೆ ಬೇಡಲಾಗಿದೆ: ಚಿಂತೆ ಮತ್ತು ದುಃಖ, ಅಸಮರ್ಥತೆ ಮತ್ತು ಸೋಮಾರಿತನ, ಹೇಡಿತನ ಮತ್ತು ಜಿಪುಣತನ, ಸಾಲದ ಹೊರೆ ಮತ್ತು ಜನರ ದಬ್ಬಾಳಿಕೆ. ಚಿಂತೆಯು ಬರಲಿರುವುದರ ಕುರಿತು, ದುಃಖವು ಆಗಿಹೋದುದರ ಕುರಿತು ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ದುಃಖದ ಪಕ್ಕದಲ್ಲೇ ಸೋಮಾರಿತನವನ್ನೂ ಸಾಲವನ್ನೂ ಇರಿಸಿರುವುದು ಎಷ್ಟು ಮಾರ್ಮಿಕ! ತಂದೆಯವರ ಸಾಲವು ಉಳಿದಿರುವ ಮನೆಯವನಿಗೆ ಇದನ್ನು ಬೇರೆಯವರು ವಿವರಿಸಬೇಕಾಗಿಲ್ಲ. ದುಆ ಮಾಡಿ ಕೈಕಟ್ಟಿ ಕೂರುವುದು ಆ ದುಆಕ್ಕೇ ವಿರುದ್ಧವಾದೀತು.

ರಜೆಯಲ್ಲಿ ಊರಿಗೆ ಹೋದಾಗ ಇದೆಲ್ಲವನ್ನೂ ತಾಯಿಗೆ ಓದಿ ಹೇಳಿದೆ. ಇಬ್ರಾಹೀಮನ ಪ್ರಸಂಗ ಬಂದಾಗ ಅವರು ಸೆರಗನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಎರಡೂ ಕೈಗಳನ್ನೆತ್ತಿ, ನಮ್ಮ ಮನೆಯ ಮಾತಿನಲ್ಲಿಯೇ, ಬಹಳ ಹೊತ್ತು ದುಆ ಮಾಡಿದರು. ನನ್ನ ಓದು ಸಾರ್ಥಕವಾಯಿತೆಂದು ನನಗೆ ಮೊದಲ ಬಾರಿ ಅನಿಸಿದ್ದು ಅಂದೇ.