ಅಜ್ಜನ ಟ್ರಂಕಿನ ಡೈವಿಂಗ್ ರೆಗ್ಯುಲೇಟರ್: ತಮ್ಮನ ಕೈಗೆ ಕೊಡಲೇ?

ಪ್ರಶ್ನೆ: ನಮ್ಮದು ಗಂಗೊಳ್ಳಿ. ಅಮ್ಮನ ಅಪ್ಪ ಎಪ್ಪತ್ತರ ದಶಕದಲ್ಲಿ ಗಲ್ಫಿನಲ್ಲಿ ಡೈವರ್ ಆಗಿದ್ದರು. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ತಟ್ಟೆಯಂಥ ದುಂಡನೆಯ ಲೋಹದ ಡಬ್ಬಿಯೊಂದು ಸಿಕ್ಕಿತು. ಅದರ ಎರಡೂ ಬದಿಯಿಂದ ನೆರಿಗೆ ನೆರಿಗೆಯಾದ ರಬ್ಬರ್ ಪೈಪುಗಳು ಹೊರಟು ಬಾಯಲ್ಲಿ ಕಚ್ಚುವ ತುಂಡಿಗೆ ಸೇರುತ್ತವೆ. ಮೇಲೆ ‘ಯು.ಎಸ್. ಡೈವರ್ಸ್’, ‘ಅಕ್ವಾ-ಮಾಸ್ಟರ್’ ಎಂದು ಬರೆದಿದೆ. ತಮ್ಮ ಪರ್ಸಿನ್ ಬೋಟಿಗೆ ಹೋಗುವವನು. ಬೋಟಿನಡಿಯ ಫ್ಯಾನಿಗೆ ಬಲೆ ಸಿಕ್ಕಿಕೊಂಡಾಗ ಕೆಳಗಿಳಿದು ಬಿಡಿಸಲು ಇದನ್ನು ಬಳಸುತ್ತೇನೆ, ಕೈಗೆ ನಾಲ್ಕು ಕಾಸು ಬರುತ್ತದೆ ಎನ್ನುತ್ತಾನೆ. ಎಲ್ಲೋ ಹಳೇ ಸಿಲಿಂಡರ್ ನೋಡಿಟ್ಟಿದ್ದಾನೆ, ಅದಕ್ಕೆ ಆಕ್ಸಿಜನ್ ತುಂಬಿಸುತ್ತಾನಂತೆ. ಈಜಿನಲ್ಲಿ ಅವನನ್ನು ಮೀರಿಸುವವರು ಊರಲ್ಲಿಲ್ಲ. “ಎಂತದೂ ಆತಿಲ್ಲೆ ಅಕ್ಕಾ” ಎಂಬುದೇ ಅವನ ಉತ್ತರ. ಅಮ್ಮನಿಗೆ ರಾತ್ರಿ ನಿದ್ದೆಯಿಲ್ಲ. ಕೊಡಲೇ, ಅಡಗಿಸಿಡಲೇ?

ಉತ್ತರ: ಮಿಕ್ಕದ್ದನ್ನು ಆಮೇಲೆ ಓದಿ. ಆಕ್ಸಿಜನ್ ತುಂಬಿಸುವ ಯೋಚನೆಯನ್ನು ಬಿಡಲು ಇವತ್ತೇ ತಮ್ಮನಿಗೆ ಹೇಳಿ. ಡೈವಿಂಗ್ ಸಿಲಿಂಡರಿನಲ್ಲಿ ಇರುವುದು ನಾವು ನೀವು ಉಸಿರಾಡುವ ಗಾಳಿಯೇ. ಸೋಸಿ, ಒಣಗಿಸಿ, ಒತ್ತಡದಲ್ಲಿ ತುಂಬಿರುತ್ತಾರೆ, ಅಷ್ಟೇ. ಶುದ್ಧ ಆಮ್ಲಜನಕವನ್ನು ಸುಮಾರು ಆರು ಮೀಟರಿಗಿಂತ ಆಳದಲ್ಲಿ ಉಸಿರಾಡಿದರೆ ಮುನ್ಸೂಚನೆಯೇ ಇಲ್ಲದೆ ಸೆಳವು ಬರಬಹುದು. ನೀರಿನಡಿಯಲ್ಲಿ ಸೆಳವು ಬಂದವನು ಬದುಕಿ ಮೇಲೆ ಬರುವುದು ಅಪರೂಪ. ಅಲ್ಲದೆ ಎಣ್ಣೆ, ಗ್ರೀಸಿನ ಪಸೆಯಿರುವ ಹಳೆಯ ಕವಾಟಕ್ಕೆ ಒತ್ತಡದ ಆಕ್ಸಿಜನ್ ನುಗ್ಗಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಟಯರಿಗೆ ಗಾಳಿ ಹಾಕುವ ಕಂಪ್ರೆಸರ್ ಕೂಡ ಬೇಡ. ಅದರ ಎಣ್ಣೆಯ ಆವಿ, ಪಕ್ಕದಲ್ಲಿ ಎಂಜಿನ್ ಓಡುತ್ತಿದ್ದರೆ ಅದರ ಕಾರ್ಬನ್ ಮಾನಾಕ್ಸೈಡ್, ಎರಡೂ ನೇರ ಶ್ವಾಸಕೋಶಕ್ಕೆ ಹೋಗುತ್ತವೆ.

ಈಗ ಅಜ್ಜನ ಸಾಮಾನಿನ ವಿಷಯ. ನೀವು ಬರೆದ ಗುರುತುಗಳನ್ನು ನೋಡಿದರೆ ಅದು ಸಾಮಾನ್ಯ ವಸ್ತುವಲ್ಲ. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕೂಸ್ಟೊ ಮತ್ತು ಏರ್ ಲಿಕ್ವಿಡ್ ಕಂಪನಿಯ ಎಂಜಿನಿಯರ್ ಎಮಿಲ್ ಗಾನ್ಯಾನ್ ಸೇರಿ, ಉಸಿರೆಳೆದಾಗ ಮಾತ್ರ ಗಾಳಿ ಬಿಡುವ ಕವಾಟವನ್ನು, ಅಂದರೆ ರೆಗ್ಯುಲೇಟರನ್ನು, ರೂಪಿಸಿದರು. ‘ಅಕ್ವಾ-ಲಂಗ್’ ಎಂಬ ಹೆಸರು ಬಂದದ್ದು ಅದಕ್ಕೇ. ಅಮೆರಿಕದಲ್ಲಿ ಅದೇ ವಂಶವನ್ನು ಬೆಳೆಸಿದ್ದು ಯು.ಎಸ್. ಡೈವರ್ಸ್ ಕಂಪನಿ. ಅವರ ಎರಡು ಹಂತದ, ಎರಡು ಪೈಪಿನ ‘ಡಿಎ ಅಕ್ವಾ-ಮಾಸ್ಟರ್’ 1958ರಲ್ಲಿ ಬಂತು. ಮುಂದೆ ‘ರಾಯಲ್ ಅಕ್ವಾ-ಮಾಸ್ಟರ್’ ಬಂತು. ಡಬ್ಬಿಯ ನಡುವಿನ ಲೇಬಲ್‌ನಲ್ಲಿ ಲಾಸ್ ಏಂಜಲೀಸ್ ಎಂದಿದೆಯೋ ಸಾಂಟಾ ಆನಾ ಎಂದಿದೆಯೋ ನೋಡಿ; ಮೊದಲನೆಯದಿದ್ದರೆ ಹಳೆಯ ತಂಡದ್ದು. ಸೀರಿಯಲ್ ನಂಬರನ್ನೂ ಬರೆದಿಟ್ಟುಕೊಳ್ಳಿ. ಲೇಬಲ್ಲನ್ನು ಉಜ್ಜಿ ಹೊಳಪು ಮಾಡಲು ಹೋಗಬೇಡಿ, ಗುರುತು ಹೇಳುವುದು ಅದೊಂದೇ. ಪೈಪುಗಳ ಜೊತೆ ಎದೆಗೆ ಕಟ್ಟುವ ಚೀಲವೇನಾದರೂ ಸಿಕ್ಕಿದ್ದರೆ ಕತೆ ಬೇರೆ: ಅದು ಬಿಟ್ಟ ಉಸಿರನ್ನೇ ಶುದ್ಧಿಮಾಡಿ ಮತ್ತೆ ಕೊಡುವ ಉಪಕರಣ. ಆಟಕ್ಕೂ ಬಾಯಿಗಿಡಬಾರದು.

ಒಳಗಿನ ಹಿತ್ತಾಳೆ ಅಷ್ಟು ಸುಲಭಕ್ಕೆ ಕೆಡುವುದಿಲ್ಲ, ನಿಜ. ಕೆಡುವುದು ರಬ್ಬರ್. ಪೈಪಿನ ನೆರಿಗೆಗಳನ್ನು ಎಳೆದು ಬಿಡಿಸಿ, ಬಿಸಿಲಿಗೆ ಹಿಡಿದು ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಅದು ಮುಗಿದ ಕತೆ. ಗಾಳಿ ಒಳಹೋಗುವ ಬಾಯಲ್ಲಿ ಸಣ್ಣ ಲೋಹದ ಫಿಲ್ಟರ್ ಇರುತ್ತದೆ: ಹಸಿರು ಕಂಡರೆ ಉಪ್ಪುನೀರು ಹೊಕ್ಕಿದೆ, ಕೆಂಗಂದು ಕಂಡರೆ ಹಳೇ ಸಿಲಿಂಡರಿನ ತುಕ್ಕು. ಬಾಯಿಗಿಟ್ಟಾಗ ಗಾಳಿ ಬಂತೆಂದರೆ ಏನೂ ಸಾಬೀತಾಗಲಿಲ್ಲ. ಗಾಳಿ ಒಳಹೋಗುವ ಬಾಯನ್ನು ಬಿಗಿಯಾಗಿ ಮುಚ್ಚಿ ಉಸಿರೆಳೆದಾಗ ಏನೂ ಬರಬಾರದು. ಬಂದರೆ ಎಲ್ಲೋ ತೂತಿದೆ, ಅಲ್ಲಿಂದ ಸಮುದ್ರವೂ ಬರುತ್ತದೆ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಯಾವುದನ್ನೂ ಹಚ್ಚಬೇಡಿ. ಡಯಾಫ್ರಾಮ್, ಸೀಟು, ಪೈಪುಗಳನ್ನು ಹೊಸವಕ್ಕೆ ಬದಲಿಸಿ, ಎರಡು ಹಂತಗಳ ನಡುವಿನ ಒತ್ತಡವನ್ನು ಗೇಜಿನಲ್ಲಿ ಅಳೆದು, ಅದು ಮೆಲ್ಲಗೆ ಏರುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಬಲ್ಲ ಮೆಕ್ಯಾನಿಕ್ ಮಾತ್ರ ಇದನ್ನು ಬಿಚ್ಚಬೇಕು. ಬೋಟಿನ ಎಂಜಿನ್ ರಿಪೇರಿಯವರು ಎಷ್ಟೇ ಜಾಣರಾದರೂ ಇದು ಅವರ ಕೆಲಸವಲ್ಲ.

ಆದರೂ ನನ್ನ ಭಯ ಹೆಚ್ಚಾಗಿ ಆ ಡಬ್ಬಿಯ ಬಗ್ಗೆ ಅಲ್ಲ, ತಮ್ಮನ ಈಜಿನ ಬಗ್ಗೆ. ಈ ಮಾತು ಅವನಿಗೆ ಅವಮಾನದಂತೆ ಕೇಳಬಾರದು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಚ್ಚಿಲೆ ತೆಗೆಯಲು ಬಂಡೆಯ ಬುಡಕ್ಕೆ ಮುಳುಗುವವರು ಮೇಲೆ ಉಸಿರು ಕಟ್ಟಿಕೊಂಡೇ ಹೋಗುತ್ತಾರೆ. ಕೆಳಗೆ ಹೋದಂತೆ ಎದೆಯೊಳಗಿನ ಗಾಳಿ ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಚಿಕ್ಕಂದಿನಿಂದ ಅವನ ಮೈಗೆ ಹತ್ತಿದ ಅಭ್ಯಾಸ ಇದು. ರೆಗ್ಯುಲೇಟರ್ ಕಚ್ಚಿದ ಗಳಿಗೆಯಿಂದ ಲೆಕ್ಕ ತಿರುಗುಮುರುಗು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನ ಎರಡರಷ್ಟು; ಅಲ್ಲಿ ಎದೆತುಂಬ ಎಳೆದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟಾಗುತ್ತದೆ. ಗಾಬರಿಯಲ್ಲಿ ಉಸಿರು ಕಟ್ಟಿಕೊಂಡು ಮೇಲೇರಿದರೆ ಶ್ವಾಸಕೋಶ ಹರಿದು, ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೆ ಹೋಗುತ್ತದೆ. ಇದಕ್ಕೆ ಹತ್ತು ಮೀಟರೇ ಬೇಕಿಲ್ಲ, ಆಳು ಮುಳುಗುವಷ್ಟು ನೀರು ಸಾಕು. ಒಳ್ಳೆಯ ಈಜುಗಾರ ಗಾಬರಿಯಾದಾಗ ಮೊದಲು ಮಾಡುವುದೇ ಉಸಿರು ಕಟ್ಟುವುದು. ಅದನ್ನು ಮರೆಸಿ, ಉಸಿರು ಬಿಡುತ್ತಲೇ ಮೇಲೇರಲು ಕಲಿಸುವುದಕ್ಕೇ ತರಬೇತಿ ಇರುವುದು.

ಇನ್ನು ಫ್ಯಾನಿನ ಕೆಲಸಕ್ಕೆ ಈ ರೆಗ್ಯುಲೇಟರ್, ಎಷ್ಟು ಚೆನ್ನಾಗಿ ರಿಪೇರಿಯಾದರೂ, ಬೇಡವೇ ಬೇಡ. ಬೋಟಿನ ಅಡಿಗೆ ಅಂಟಿದ ಚಿಪ್ಪುಗಳು ಬ್ಲೇಡಿನಂತೆ ಕೊಯ್ಯುತ್ತವೆ. ಕುತ್ತಿಗೆಯ ಎರಡೂ ಬದಿ ಹಾದುಬರುವ ತೆಳು ಪೈಪು ಒಂದು ಕಡೆ ಕೊಯ್ದರೆ ಉಸಿರಿನ ಬದಲು ನೀರು ಬರುತ್ತದೆ. ಬಲೆಯ ಎಳೆಗೂ ಅದು ಸುಲಭವಾಗಿ ಸಿಕ್ಕಿಕೊಳ್ಳುತ್ತದೆ. ಈಗಿನ ರೆಗ್ಯುಲೇಟರಿನಲ್ಲಿ ಗುಂಡಿ ಒತ್ತಿದರೆ ಗಾಳಿ ನುಗ್ಗಿ ಬಾಯಿಯ ನೀರು ಹೊರಗೆ ಹೋಗುತ್ತದೆ. ಇದರಲ್ಲಿ ಆ ಗುಂಡಿಯಿಲ್ಲ. ಡಬ್ಬಿ ಬೆನ್ನ ಮೇಲಿರುವುದರಿಂದ ಮಗುಚಿ ಮಲಗಿದಾಗ ಉಸಿರೆಳೆಯುವುದು ಬಿಗಿ, ಅಂಗಾತ ತಿರುಗಿದರೆ ಗಾಳಿ ತಾನೇ ಸುರಿಯುತ್ತದೆ. ಎಷ್ಟು ಗಾಳಿ ಉಳಿದಿದೆ ಎಂದು ತೋರಿಸುವ ಗೇಜನ್ನು ಕೂರಿಸಲು ಅದರಲ್ಲಿ ಸಾಮಾನ್ಯವಾಗಿ ಜಾಗವಿರುವುದಿಲ್ಲ. ಅಂದಿನ ಡೈವರ್‌ಗಳು ಸಿಲಿಂಡರಿನ ಸನ್ನೆ ಎಳೆದು ಕೊನೆಯ ಪಾಲು ಗಾಳಿ ಪಡೆಯುತ್ತಿದ್ದರು. ಆ ಸನ್ನೆ ಬಲೆಗೆ ತಾಗಿ ಮೊದಲೇ ಇಳಿದಿದ್ದರೆ ಕೊನೆಯ ಪಾಲೇ ಇಲ್ಲ. ಪಂಚಗಂಗಾವಳಿಯ ಅಳಿವೆಯಲ್ಲಿ ಇಳಿತದ ಸೆಳೆತ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಇಷ್ಟಾಗಿಯೂ ಫ್ಯಾನಿಗೆ ಇಳಿಯಲೇಬೇಕಾದ ದಿನ ಬಂದರೆ ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಸೊಂಟದ ಹಗ್ಗ ಹಿಡಿದವನೊಬ್ಬ ಮೇಲಿರಲಿ.

ಅಡಗಿಸಿಡಬೇಡಿ. ಅಡಗಿಸಿದ್ದನ್ನು ಹುಡುಗರು ಹುಡುಕಿಯೇ ಹುಡುಕುತ್ತಾರೆ, ಆಗ ನಿಮ್ಮ ಮಾತಿಗೆ ಬೆಲೆಯೂ ಇರುವುದಿಲ್ಲ. ಅಜ್ಜನ ಕಸುಬಿನ ಮೇಲೆ ಅವನಿಗಿರುವ ಪ್ರೀತಿ ದೊಡ್ಡದು, ಅದಕ್ಕೊಂದು ದಾರಿ ಬೇಕು. ಬೈಂದೂರು, ಭಟ್ಕಳ ದಾಟಿದರೆ ಮುರ್ಡೇಶ್ವರ. ಅಲ್ಲಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪಕ್ಕೆ ಮಳೆಗಾಲ ಕಳೆದ ಮೇಲೆ ಡೈವಿಂಗ್ ತಂಡಗಳು ಹೋಗುತ್ತವೆ. ಪ್ರವಾಸಿಗರ ಒಂದು ಮುಳುಗು ತರಬೇತಿಯಲ್ಲ. ಕೆಲವು ದಿನಗಳ ‘ಓಪನ್ ವಾಟರ್’ ಕೋರ್ಸನ್ನೇ ಅವನು ಮಾಡಲಿ. ಅದು 18 ಮೀಟರಿನವರೆಗೆ ಜೊತೆಗಾರನೊಂದಿಗೆ ಮುಳುಗಲು ಕಲಿಸುತ್ತದೆ. ಜೂನ್, ಜುಲೈನಲ್ಲಿ ಮೀನುಗಾರಿಕೆ ಬಂದಾಗಿರುವಾಗ ಈಜುಕೊಳದ ಪಾಠ ಸಿಗುವುದಾದರೆ ಅಲ್ಲಿಂದಲೇ ಶುರುಮಾಡಬಹುದು. ಮೊದಲು ವೈದ್ಯರ ತಪಾಸಣೆಯಾಗಲಿ. ಅಸ್ತಮಾ, ಕಿವಿಯ ತೊಂದರೆ, ಹಿಂದೆ ಎದೆಯ ಕಾಯಿಲೆ ಇದ್ದದ್ದು ಏನನ್ನೂ ಮುಚ್ಚಿಡಬಾರದು. ಚೆನ್ನಾಗಿ ಪಳಗಿದ ಮೇಲೆ, ಅಜ್ಜನ ರೆಗ್ಯುಲೇಟರ್ ಸರಿಯಾಗಿ ರಿಪೇರಿಯಾಗಿದ್ದರೆ, ತಿಳಿನೀರಿನ ಕೊಳದಲ್ಲಿ, ಎರಡನೇ ರೆಗ್ಯುಲೇಟರ್ ಹಿಡಿದ ಶಿಕ್ಷಕರನ್ನು ಪಕ್ಕದಲ್ಲಿಟ್ಟುಕೊಂಡು ಒಮ್ಮೆ ಉಸಿರಾಡಿ ನೋಡಲಿ. ಅದಕ್ಕೆ ನನ್ನ ಅಡ್ಡಿಯಿಲ್ಲ.

ಅವನು ನೋಡಿಟ್ಟ ಸಿಲಿಂಡರಿನ ಬಗ್ಗೆಯೂ ಎಚ್ಚರ. ಕೊರಳ ಬಳಿ ಒತ್ತಿದ ತಿಂಗಳು, ವರ್ಷ ನೋಡಿ. ಒತ್ತಡ ಪರೀಕ್ಷೆಯಾಗಿ ಐದು ವರ್ಷ ಕಳೆದಿದ್ದರೆ ತುಂಬಿಸುವ ಮಾತೇ ಬೇಡ. ಎಪ್ಪತ್ತು, ಎಂಬತ್ತರ ದಶಕದ ಅಲ್ಯೂಮಿನಿಯಂ ಸಿಲಿಂಡರುಗಳಲ್ಲಿ ಹಲವು 6351 ಎಂಬ ಮಿಶ್ರಲೋಹದವು, ಅವುಗಳ ಕೊರಳು ಬಿರುಕುಬಿಟ್ಟು ತುಂಬಿಸುವಾಗಲೇ ಸಿಡಿದದ್ದಿದೆ. ಅಕ್ವಾ-ಮಾಸ್ಟರಿನ ಕಾಲದ ಸಿಲಿಂಡರುಗಳಲ್ಲಿ ತುಂಬುತ್ತಿದ್ದದ್ದು ಸಾಮಾನ್ಯವಾಗಿ 150 ಬಾರ್‌ನಷ್ಟು, ಈಗ ತುಂಬುವುದು 200. ಯಾರೋ ಅಗ್ಗಕ್ಕೆ ಕೊಡುತ್ತಾರೆಂದು ಅವನು ಅದನ್ನು ಮನೆಗೆ ತಂದಿದ್ದರೆ, ಅಡುಗೆಮನೆಯಿಂದ, ಬಿಸಿಲಿನಿಂದ ದೂರವಿಡಿ, ಪರೀಕ್ಷೆ ಮಾಡುವವರ ಕೈಗೆ ತಲುಪುವವರೆಗೆ ಯಾರೂ ಅದಕ್ಕೆ ಗಾಳಿ ತುಂಬಿಸದಂತೆ ನೋಡಿಕೊಳ್ಳಿ.