ಯಾವುದರಿಂದ ಭಾಗಿಸಿದೆ, ಮಗಳೇ?

ಕೆಲಸ ಸಿಕ್ಕಿತೆಂದು ನೀನು ಫೋನ್ ಮಾಡಿದ ದಿನ ಹೇಳಬೇಕೆಂದುಕೊಂಡದ್ದು ಗಂಟಲಲ್ಲೇ ಉಳಿಯಿತು. ರಸ್ತೆ ಅಪಘಾತದ ಸಾವುಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸಿ ಲೆಕ್ಕ ಕಟ್ಟುವ ಕೆಲಸ ನಿನ್ನದು. ಅಂಕಿಅಂಶಗಳ ನಡುವೆಯೇ ಕೂದಲು ನರೆತ ನನಗೆ ಆ ಕೆಲಸದ ಭಾರ ಗೊತ್ತು.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಶೇ. 66.5ರಷ್ಟು ಮಂದಿ 18ರಿಂದ 45ರೊಳಗಿನವರು. ಇದನ್ನು ಓದಿದ ಕೂಡಲೇ 'ಹುಡುಗರ ಹುಚ್ಚು ವೇಗ' ಎಂದು ಬರೆಯಲು ಕೈ ತುರಿಸುತ್ತದೆ. ತುಸು ತಾಳು. ಆ ವಯಸ್ಸಿನವರು ದೇಶದಲ್ಲಿ ಎಷ್ಟು ಜನರಿದ್ದಾರೆ? ದಿನಕ್ಕೆ ಎಷ್ಟು ಹೊತ್ತು ರಸ್ತೆಯ ಮೇಲಿರುತ್ತಾರೆ, ಬೈಕಿನಲ್ಲೋ ಬಸ್ಸಿನಲ್ಲೋ? ವರದಿಯ ಗುಂಪುಗಳನ್ನೇ ನೋಡು. 18–25 ಎಂದರೆ ಏಳು ವರ್ಷ, 25–35 ಹತ್ತು, 45–60 ಹದಿನೈದು. ಒಂದು ರಾಶಿಯನ್ನು ಪಾವಿನಲ್ಲಿ, ಇನ್ನೊಂದನ್ನು ಸೇರಿನಲ್ಲಿ ಅಳೆದು ಯಾವುದು ಹೆಚ್ಚೆಂದು ಹೇಳಲಾದೀತೇ? ಸಾವಿನ ಎಣಿಕೆಯ ಕೆಳಗೆ ಆ ವಯಸ್ಸಿನ ಜನಸಂಖ್ಯೆಯನ್ನು ಇಡದೆ ಒಂದು ಹೆಜ್ಜೆಯನ್ನೂ ಮುಂದಿಡಬೇಡ. ಆ ಜನಸಂಖ್ಯೆಯೂ ಹಳೆಯದೇ, 2011ರ ಜನಗಣತಿಯದ್ದು. ಆಗ ಅಂಗನವಾಡಿಯಲ್ಲಿದ್ದ ನಾಲ್ಕು ವರ್ಷದ ಮಗು 2025ಕ್ಕೆ ಲೈಸೆನ್ಸ್ ಪಡೆಯುವ ವಯಸ್ಸಿಗೆ ಬಂದಾಗಿದೆ. ಅಂದಾಜಿಸಿದ ಜನಸಂಖ್ಯೆ ಬಳಸಿದೆಯಾದರೆ ಅಂದಾಜೆಂದೇ ಬರೆ.

ಅರವತ್ತು ದಾಟಿದವರ ವಿಷಯ ಬೇರೆ. ಇಪ್ಪತ್ತರವನು ಬಿದ್ದರೆ ಕೈ ಮುರಿದುಕೊಂಡು ಏಳುವ ಪೆಟ್ಟಿಗೆ ಎಪ್ಪತ್ತರವರ ಜೀವವೇ ಹೋಗಬಹುದು. ಅಲ್ಲಿ ಸಾವು ಹೆಚ್ಚೆಂದರೆ ಅಪಘಾತವೂ ಹೆಚ್ಚೆಂದಲ್ಲ. ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕು.

ಅಪರೂಪದ ಘಟನೆಗಳ ಎಣಿಕೆಗೆಂದು ನೀನು ಕಾಲೇಜಿನಲ್ಲಿ ಕಲಿತ ಪಾಯ್ಸಾನ್ ಸೂತ್ರ ಇಲ್ಲಿ ಮೊದಲ ಆಸರೆ, ನಿಜ. ಪ್ರಷ್ಯಾದ ಸೈನ್ಯದಲ್ಲಿ ಕುದುರೆ ಒದ್ದು ಸತ್ತವರ ಲೆಕ್ಕಕ್ಕೆ ಅದು ಚೆನ್ನಾಗಿ ಹೊಂದುತ್ತದೆಂದು ಸಂಖ್ಯಾಶಾಸ್ತ್ರಜ್ಞ ಬೋರ್ಟ್‌ಕೀವಿಚ್ 1898ರಲ್ಲೇ ತೋರಿಸಿದ್ದ. ಅಲ್ಲಿ ಒಂದು ಒದೆತಕ್ಕೆ ಒಂದು ಜೀವ. ನಮ್ಮಲ್ಲಿ ಮದುವೆ ದಿಬ್ಬಣದ ಟೆಂಪೊ ಮಗುಚಿದರೆ ಒಂದೇ ಮನೆಯ ಅಜ್ಜಿ, ಸೊಸೆ, ಮೊಮ್ಮಗ ಮೂರು ಸಾಲುಗಳಲ್ಲಿ ಎಣಿಕೆಯಾಗುತ್ತಾರೆ. ಆ ಸಾವುಗಳು ಒಂದಕ್ಕೊಂದು ಅಂಟಿಕೊಂಡಿವೆ. ಸೂತ್ರ ಹೇಳುವುದಕ್ಕಿಂತ ಏರಿಳಿತ ಹೆಚ್ಚಿರುತ್ತದೆ. ಅದನ್ನು ಲೆಕ್ಕಿಸದಿದ್ದರೆ ನಿನ್ನ ಉತ್ತರಕ್ಕೆ ಇಲ್ಲದ ಖಚಿತತೆ ಬಂದುಬಿಡುತ್ತದೆ. ನೆಗೆಟಿವ್ ಬೈನಾಮಿಯಲ್ ಎಂಬ ಸೂತ್ರ ಇರುವುದು ಇಂಥದ್ದಕ್ಕೇ. ಇನ್ನು ತಾಲ್ಲೂಕೊಂದರಲ್ಲಿ ಮಕ್ಕಳ ಸಾವು ಎರಡಿದ್ದದ್ದು ಐದಾಯಿತೆಂದು ಯಾರಾದರೂ ಶೇಕಡಾವಾರು ಕೇಳಿದರೆ ಕೊಡಬೇಡ. ಅಷ್ಟು ಸಣ್ಣ ಎಣಿಕೆಯನ್ನು ಅಕ್ಕಪಕ್ಕದ ತಾಲ್ಲೂಕು, ಹಿಂದಿನ ವರ್ಷಗಳ ಜೊತೆಗಿಟ್ಟೇ ಓದಬೇಕು.

ಒಮ್ಮೆ ಒಂದು ಠಾಣೆಯಲ್ಲಿ ಕೂತು ಹಳೆಯ ಪಂಚನಾಮೆಗಳನ್ನು ನಕಲು ಮಾಡುತ್ತಿದ್ದೆ. 'ಅಪರಿಚಿತ ಗಂಡಸು, ವಯಸ್ಸು ಸುಮಾರು 45, ನೀಲಿ ಚೌಕಳಿ ಲುಂಗಿ, ಎಡಗೈಯಲ್ಲಿ ಕೆಂಪು ದಾರ.' ಆ ದಾರ ಯಾರು ಕಟ್ಟಿದ್ದರೋ. ಪುಟ ತಿರುಗಿಸಿದೆ, ಸುಮಾರು 35. ಮತ್ತೊಂದು, ಸುಮಾರು 25. ಗೊತ್ತಿಲ್ಲದ ವಯಸ್ಸನ್ನು ನಾವೆಲ್ಲ ಐದಕ್ಕೋ ಹತ್ತಕ್ಕೋ ಸರಿಮಾಡಿ ಹೇಳುತ್ತೇವೆ. ವರದಿಯ ಗುಂಪುಗಳು ಒಡೆಯುವುದೂ ಸರಿಯಾಗಿ 25, 35, 45ರಲ್ಲೇ! ಬರೆದವನು 44 ಎಂದಿದ್ದರೆ ಆ ಮನುಷ್ಯ ಬೇರೆ ಗುಂಪಿನಲ್ಲಿರುತ್ತಿದ್ದ. ಆದ್ದರಿಂದ ಬಿಡಿ ವಯಸ್ಸುಗಳು ಸಿಕ್ಕುವ ಕಡೆ ಅವನ್ನೇ ಕೇಳಿ ಪಡೆ, ಗಡಿಯನ್ನು ಎರಡು ವರ್ಷ ಆಚೀಚೆ ಸರಿಸಿ ಉತ್ತರ ನಿಲ್ಲುತ್ತದೆಯೇ ನೋಡು.

ಕೋಷ್ಟಕದ ಕೊನೆಗೆ 'ವಯಸ್ಸು ತಿಳಿದಿಲ್ಲ' ಎಂಬ ಸಾಲಿರುತ್ತದೆ. ಲೆಕ್ಕಕ್ಕೆ ಅಡ್ಡಿಯೆಂದು ಅದನ್ನು ಅಳಿಸಿಬಿಡುವವರನ್ನು ಕಂಡಿದ್ದೇನೆ. ನೀನು ಅಳಿಸಬೇಡ ಕಣಮ್ಮ. ಅಲ್ಲಿರುವವರು ಎಲ್ಲ ಗುಂಪುಗಳಿಂದಲೂ ಸಮನಾಗಿ ಬಂದವರೆಂದು ನನಗೆ ಅನಿಸುವುದಿಲ್ಲ. ಜೇಬಿನಲ್ಲಿ ಗುರುತಿನ ಚೀಟಿ ಇಲ್ಲದೆ, ಒಬ್ಬರೇ, ರಾತ್ರಿ ಹೆದ್ದಾರಿ ದಾಟುವವರು ಯಾರೆಂದು ಯೋಚಿಸು. ಆ ಸಾಲಿನವರನ್ನು ಹೇಗೆ ಹಂಚಿದೆ, ಏಕೆ ಹಾಗೆ ಹಂಚಿದೆ ಎಂಬುದನ್ನು ನಿನ್ನ ವರದಿಯ ಮೊದಲ ಪುಟದಲ್ಲೇ ಬರೆ.