ವಿಧೇಯಕ ಕಾಯ್ದೆಯಾಗುವ ದಾರಿ: ಜಾನುವಾರು ಕಾಯ್ದೆಯಿಂದ ಒಂದು ಪಾಠ



ಬೆಳಿಗ್ಗೆ ಹಾಲು ಹಾಕಲು ಸಂಘಕ್ಕೆ ಬಂದಾಗ ಸರದಿಯಲ್ಲಿ ನಿಂತು ನಾವು ಏನೆಲ್ಲ ಮಾತಾಡುತ್ತೇವೆ! ಫ್ಯಾಟ್ ಎಷ್ಟು ಬಂತು, ಬಟವಾಡೆ ಯಾವಾಗ, ಯಾರ ಮನೆಯ ಆಕಳು ಕರು ಹಾಕಿತು. ನಡುವೆ ಯಾರೋ ಒಬ್ಬರು, "ಹೊಸ ಕಾಯ್ದೆ ಬಂದೈತಂತ್ರೀ, ಇನ್ನ ಮುಂದ ಯಾವ ದನಾನೂ ಮಾರಂಗಿಲ್ಲಂತ" ಅನ್ನುತ್ತಾರೆ. ಇನ್ನೊಬ್ಬರು, "ಇಲ್ಲ, ಅದು ಬರೇ ಮಸೂದೆ, ಇನ್ನೂ ಪಾಸಾಗಿಲ್ಲ" ಅನ್ನುತ್ತಾರೆ. ಮೂರನೆಯವರು, "ಪಾಸಾಗಿ ರಾಜ್ಯಪಾಲರ ಹತ್ರ ಕುಂತೈತಿ" ಅನ್ನುತ್ತಾರೆ. ಅಷ್ಟರಲ್ಲಿ ಕ್ಯಾನ್ ಗಾಡಿ ಬರುತ್ತದೆ. ಮಾತು ಅಲ್ಲಿಗೇ ನಿಲ್ಲುತ್ತದೆ, ಹೆದರಿಕೆ ಮಾತ್ರ ಮನೆಯವರೆಗೂ ಜೊತೆಗೆ ಬರುತ್ತದೆ.

ಮಸೂದೆ ಬೇರೆ, ಸುಗ್ರೀವಾಜ್ಞೆ ಬೇರೆ, ಕಾಯ್ದೆ ಬೇರೆ, ನಿಯಮ ಬೇರೆ. ಈ ನಾಲ್ಕರ ವ್ಯತ್ಯಾಸ ಗೊತ್ತಿದ್ದರೆ ಸುದ್ದಿ ಕೇಳಿ ಗಾಬರಿಯಾಗಿ ದನವನ್ನು ಸಿಕ್ಕ ಬೆಲೆಗೆ ಕೊಡುವ ಪ್ರಸಂಗ ಬರುವುದಿಲ್ಲ. ಗೊತ್ತಿಲ್ಲದೆ ತಪ್ಪು ಮಾಡಿ ಠಾಣೆಗೆ ಅಲೆಯುವ ಪ್ರಸಂಗವೂ ಬರುವುದಿಲ್ಲ. ನಮ್ಮ ಕೊಟ್ಟಿಗೆಗೆ ನೇರವಾಗಿ ಸಂಬಂಧಪಟ್ಟ ಒಂದು ವಿಧೇಯಕದ ಕಥೆಯನ್ನೇ ಹಿಡಿದು ಈ ಸಲ ಆ ದಾರಿಯನ್ನು ತಿಳಿಯೋಣ. ಅದು ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ವಿಧೇಯಕ, 2020. ಅದರ ಪರ-ವಿರೋಧದ ವಾದ ಇಲ್ಲಿ ಬೇಡ. ಅದು ಯಾವ ದಾರಿಯಲ್ಲಿ ಬಂತು, ನಮ್ಮ ಮೇಲೆ ಯಾವ ಹೊಣೆ ಹಾಕಿತು ಎಂಬುದಷ್ಟೇ ನಮಗೆ ಬೇಕು.

ಹಾಲಿನ ಹಾಗೆಯೇ ಹಂತ ಹಂತ

ನೀವು ಕರೆದ ಹಾಲು ನೇರವಾಗಿ ಪ್ಯಾಕೆಟ್ ಆಗುವುದಿಲ್ಲ. ಸಂಘದಲ್ಲಿ ಪರೀಕ್ಷೆ, ಶೀತಲ ಕೇಂದ್ರದಲ್ಲಿ ಮತ್ತೆ ಪರೀಕ್ಷೆ, ಡೇರಿಯಲ್ಲಿ ಇನ್ನೊಮ್ಮೆ. ಯಾವ ಹಂತದಲ್ಲಾದರೂ ಅದು ತಿರುಗಿ ಬರಬಹುದು. ವಿಧೇಯಕವೂ ಹಾಗೆಯೇ. ವಿಧೇಯಕ ಅಥವಾ ಮಸೂದೆ ಎಂದರೆ ಕಾಯ್ದೆಯಾಗಬೇಕೆಂದು ಮುಂದಿಟ್ಟ ಕರಡು. ಕಾಯ್ದೆಯಾಗುವ ತನಕ ಅದರ ಹೆಸರಲ್ಲಿ ಯಾರೂ ನಿಮ್ಮನ್ನು ಹಿಡಿಯುವಂತಿಲ್ಲ, ದಂಡ ಹಾಕುವಂತಿಲ್ಲ.

ಮೊದಲ ಹಂತ: ಇಲಾಖೆ ಕರಡು ತಯಾರಿಸುತ್ತದೆ, ಸಚಿವ ಸಂಪುಟ ಒಪ್ಪುತ್ತದೆ.

ಎರಡನೇ ಹಂತ: ವಿಧಾನಸಭೆ. ಇಲ್ಲಿ ನಾವು ನೇರವಾಗಿ ಆರಿಸಿದ 224 ಶಾಸಕರು ಇದ್ದಾರೆ. ಹಳಿಯಾಳ, ಜೋಯಿಡಾ, ದಾಂಡೇಲಿಯ ಅಕ್ಕಂದಿರ ಮತ ಹಳಿಯಾಳ ಕ್ಷೇತ್ರಕ್ಕೆ, ಮುಂಡಗೋಡದವರ ಮತ ಯಲ್ಲಾಪುರ ಕ್ಷೇತ್ರಕ್ಕೆ ಹೋಗುತ್ತದೆ. ವಿಧೇಯಕ ಮಂಡನೆಯಾಗಿ, ಚರ್ಚೆಯಾಗಿ, ಖಂಡವಾರು ಮತಕ್ಕೆ ಬೀಳಬೇಕು. ಬೇಕೆನಿಸಿದರೆ ಸಮಿತಿಯ ಪರಿಶೀಲನೆಗೆ ಕಳಿಸಬಹುದು.

ಮೂರನೇ ಹಂತ: ವಿಧಾನಪರಿಷತ್ತು. ಒಟ್ಟು 75 ಸದಸ್ಯರು. ಇವರಲ್ಲಿ 25 ಜನರನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು, ಅಂದರೆ ನಿಮ್ಮ ಗ್ರಾಮ ಪಂಚಾಯ್ತಿ ಸದಸ್ಯರೂ ಸೇರಿ, ಆರಿಸುತ್ತಾರೆ. 25 ಜನರನ್ನು ಶಾಸಕರು, 7 ಜನರನ್ನು ಪದವೀಧರರು, 7 ಜನರನ್ನು ಶಿಕ್ಷಕರು ಆರಿಸುತ್ತಾರೆ. 11 ಜನ ನಾಮನಿರ್ದೇಶಿತರು.

ನಾಲ್ಕನೇ ಹಂತ: ರಾಜ್ಯಪಾಲರು. ಸಂವಿಧಾನದ 200ನೇ ಅನುಚ್ಛೇದದಂತೆ ಅವರು ಅಂಕಿತ ಹಾಕಬಹುದು, ತಡೆಹಿಡಿಯಬಹುದು, ಮತ್ತೆ ಪರಿಶೀಲಿಸಿ ಎಂದು ಹಿಂದಿರುಗಿಸಬಹುದು, ಅಥವಾ ರಾಷ್ಟ್ರಪತಿಯವರ ಪರಿಶೀಲನೆಗೆ ಕಾಯ್ದಿರಿಸಬಹುದು.

ಕೊನೆಯ ಹಂತ: ರಾಜ್ಯಪತ್ರದಲ್ಲಿ ಪ್ರಕಟಣೆ. ಆಮೇಲೆ ಕಾಯ್ದೆ ಹೇಗೆ ಜಾರಿಯಾಗಬೇಕು ಎಂಬ ನಿಯಮಗಳನ್ನು ಸರ್ಕಾರ ರಚಿಸುತ್ತದೆ.

ಒಂದೇ ವಿಷಯ, ಎರಡು ವಿಧೇಯಕ

ನಮ್ಮ ರಾಜ್ಯದಲ್ಲಿ ಈ ವಿಷಯಕ್ಕೆ 1964ರಿಂದಲೇ ಒಂದು ಕಾಯ್ದೆ ಇತ್ತು. ಅದರಲ್ಲೂ ಆಕಳು ಮತ್ತು ಕರುಗಳ ಹತ್ಯೆಗೆ ನಿಷೇಧವಿತ್ತು. ಎತ್ತು, ಹೋರಿ, ಎಮ್ಮೆ, ಕೋಣಗಳಿಗೆ 12 ವರ್ಷ ಮೀರಿದ್ದರೆ ಅಥವಾ ಅವು ಕೆಲಸಕ್ಕೆ ಬಾರದಂತಾಗಿದ್ದರೆ ಅಧಿಕಾರಿಯ ಪ್ರಮಾಣಪತ್ರದ ಮೇಲೆ ಅವಕಾಶವಿತ್ತು.

ಇದನ್ನು ಬಿಗಿ ಮಾಡಲು 2010ರಲ್ಲಿ ಒಂದು ವಿಧೇಯಕ ಬಂತು. ಎರಡೂ ಸದನಗಳು ಒಪ್ಪಿದವು. ಆದರೆ ಆಗಿನ ರಾಜ್ಯಪಾಲ ಎಚ್.ಆರ್. ಭಾರದ್ವಾಜ್ ಅದಕ್ಕೆ ಅಂಕಿತ ಹಾಕದೆ ರಾಷ್ಟ್ರಪತಿಯವರಿಗೆ ಕಾಯ್ದಿರಿಸಿದರು. ಅದು ಅಲ್ಲೇ ಉಳಿಯಿತು. 2013ರಲ್ಲಿ ಸರ್ಕಾರ ಬದಲಾದಾಗ ಹೊಸ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಎರಡೂ ಸದನ ದಾಟಿದ ಆ ವಿಧೇಯಕ ಒಂದು ದಿನವೂ ಕಾಯ್ದೆಯಾಗಿ ನಡೆಯಲಿಲ್ಲ. "ಸದನದಲ್ಲಿ ಪಾಸಾಯಿತು" ಎಂಬ ಸುದ್ದಿ ಕೇಳಿದ ಕೂಡಲೇ ಎಲ್ಲ ಮುಗಿಯಿತು ಎಂದುಕೊಳ್ಳಬಾರದು ಎನ್ನುವುದಕ್ಕೆ ಇದೇ ಉದಾಹರಣೆ.

2020ರ ವಿಧೇಯಕದ ದಾರಿ ಬೇರೆ. ಡಿಸೆಂಬರ್ 9ರಂದು ಅದನ್ನು ವಿಧಾನಸಭೆಯಲ್ಲಿ ಮಂಡಿಸಲಾಯಿತು. ವಿರೋಧ ಪಕ್ಷದವರ ಪ್ರತಿಭಟನೆಯ ನಡುವೆ, ವಿವರವಾದ ಚರ್ಚೆಯಿಲ್ಲದೆ ಅಂದೇ ಅಂಗೀಕಾರವೂ ಆಯಿತು. ವಿಧಾನಪರಿಷತ್ತಿನಲ್ಲಿ ಆಗ ಆಡಳಿತ ಪಕ್ಷಕ್ಕೆ ಬಹುಮತ ಇರಲಿಲ್ಲ. ವಿಧೇಯಕವನ್ನು ಕೈಗೆತ್ತಿಕೊಳ್ಳುವ ಮೊದಲೇ ಪರಿಷತ್ತಿನ ಕಲಾಪ ಮುಂದೂಡಲ್ಪಟ್ಟಿತು.

ಆಗ ಸರ್ಕಾರ ಸುಗ್ರೀವಾಜ್ಞೆಯ ದಾರಿ ಹಿಡಿಯಿತು. ಸದನ ನಡೆಯದ ಸಮಯದಲ್ಲಿ ರಾಜ್ಯಪಾಲರ ಮೂಲಕ ಹೊರಡಿಸುವ ತಾತ್ಕಾಲಿಕ ಕಾನೂನೇ ಸುಗ್ರೀವಾಜ್ಞೆ. ಅದು ತಾತ್ಕಾಲಿಕವಾದರೂ ಅದರ ಬಲ ಕಾಯ್ದೆಯಷ್ಟೇ. ಸದನ ಮತ್ತೆ ಸೇರಿದ ಆರು ವಾರದೊಳಗೆ ಅದರ ಜಾಗದಲ್ಲಿ ಕಾಯ್ದೆ ಬರದಿದ್ದರೆ ಅದು ಬಿದ್ದುಹೋಗುತ್ತದೆ. 2021ರ ಜನವರಿ 5ರಂದು ರಾಜ್ಯಪಾಲ ವಜುಭಾಯಿ ವಾಲಾ ಸುಗ್ರೀವಾಜ್ಞೆಗೆ ಅಂಕಿತ ಹಾಕಿದರು. ಫೆಬ್ರವರಿ 8ರಂದು ಪರಿಷತ್ತು ವಿಧೇಯಕವನ್ನು ಧ್ವನಿಮತದಿಂದ ಅಂಗೀಕರಿಸಿತು. ನಂತರ ರಾಜ್ಯಪಾಲರ ಅಂಕಿತ ಬಿದ್ದು ಅದು ಕಾಯ್ದೆಯಾಯಿತು.

ಧ್ವನಿಮತ ಎಂದರೆ "ಒಪ್ಪುವವರು ಹೌದು ಎನ್ನಿ, ಒಪ್ಪದವರು ಇಲ್ಲ ಎನ್ನಿ" ಎಂದು ಕೇಳಿ, ಧ್ವನಿಯ ಮೇಲೆ ತೀರ್ಮಾನ ಹೇಳುವುದು. ಯಾವ ಸದಸ್ಯರು ಯಾವ ಕಡೆ ಎಂಬ ಹೆಸರಿನ ದಾಖಲೆ ಅದರಲ್ಲಿ ಉಳಿಯುವುದಿಲ್ಲ. ಆದ್ದರಿಂದ "ನಮ್ಮ ಪರವಾಗಿ ನೀವು ಏನು ಹೇಳಿದಿರಿ?" ಎಂದು ನಾವೇ ಕೇಳಿ ತಿಳಿಯಬೇಕಾಗುತ್ತದೆ.

ಪರಿಷತ್ತು ಒಪ್ಪದಿದ್ದರೆ ಏನಾಗುತ್ತಿತ್ತು ಎಂದು ನೀವು ಕೇಳಬಹುದು. ಪರಿಷತ್ತು ಸಾಮಾನ್ಯ ವಿಧೇಯಕವನ್ನು ತಿರಸ್ಕರಿಸಿದರೆ, ಅಥವಾ ಮೂರು ತಿಂಗಳು ಕಳೆದರೂ ಅಂಗೀಕರಿಸದಿದ್ದರೆ, ವಿಧಾನಸಭೆ ಅದನ್ನು ಮತ್ತೆ ಅಂಗೀಕರಿಸಿ ಕಳಿಸಬಹುದು. ಎರಡನೇ ಸಲ ಪರಿಷತ್ತಿಗೆ ಸಿಗುವುದು ಒಂದೇ ತಿಂಗಳು. ಆಮೇಲೆ ಎರಡೂ ಸದನ ಒಪ್ಪಿದಂತೆಯೇ ಲೆಕ್ಕ. ಪರಿಷತ್ತು ತಡಮಾಡಬಹುದು, ತಿದ್ದುಪಡಿ ಸೂಚಿಸಬಹುದು. ಕೊನೆಯ ಮಾತು ವಿಧಾನಸಭೆಯದೇ.

ಹೈನುಗಾರರಾದ ನಮಗೆ ಇದರಲ್ಲಿ ಏನಿದೆ?

ಈ ಕಾಯ್ದೆಯಲ್ಲಿ 'ಜಾನುವಾರು' ಎಂದರೆ ಎಲ್ಲ ವಯಸ್ಸಿನ ಆಕಳು, ಕರು, ಹೋರಿ, ಎತ್ತು, ಮತ್ತು 13 ವರ್ಷದೊಳಗಿನ ಎಮ್ಮೆ-ಕೋಣ. ಇವುಗಳ ಹತ್ಯೆಗೆ ನಿಷೇಧ. ಮೊದಲ ತಪ್ಪಿಗೆ 3ರಿಂದ 7 ವರ್ಷ ಸೆರೆ ಹಾಗೂ 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ದಂಡದ ಮಾತು ಅದರಲ್ಲಿದೆ. ಹಳೆಯ ಕಾಯ್ದೆಯಲ್ಲಿ ಶಿಕ್ಷೆ ಇದಕ್ಕಿಂತ ಬಹಳ ಕಡಿಮೆ ಇತ್ತು.

ಅಕ್ಕಂದಿರೇ, ಈ ಮಾತನ್ನು ಮಾತ್ರ ಗಮನವಿಟ್ಟು ಓದಿ. ಹತ್ಯೆ ಮಾಡುವವರಷ್ಟೇ ಅಲ್ಲ, ಹತ್ಯೆಗೆಂದು ಗೊತ್ತಿದ್ದೂ ಜಾನುವಾರು ಮಾರುವುದು, ಕೊಳ್ಳುವುದು, ಸಾಗಿಸುವುದು ಕೂಡ ಅಪರಾಧ. ಹಾಗೆಂದು ಹೈನುಗಾರಿಕೆಗೆ ಅಥವಾ ಉಳುಮೆಗೆ ದನ ಮಾರುವುದನ್ನು ಕಾಯ್ದೆ ನಿಲ್ಲಿಸಿಲ್ಲ. ಕರೆಯುವ ಆಕಳನ್ನು ಪಕ್ಕದ ಊರಿನ ಹೈನುಗಾರ್ತಿಗೆ ಮಾರಲು ಹೆದರಬೇಕಾಗಿಲ್ಲ. "ಯಾವ ದನಾನೂ ಮಾರಂಗಿಲ್ಲ" ಎಂಬ ಮಾತು ತಪ್ಪು. "ಯಾರಿಗಾದ್ರೂ ಕೊಡಬಹುದು, ಮುಂದಿಂದು ನಮಗ್ಯಾಕ" ಎಂಬ ಮಾತೂ ಅಷ್ಟೇ ತಪ್ಪು.

ಕಷ್ಟ ಇರುವುದು ಬತ್ತಿದ ಆಕಳಿನದು, ಗಬ್ಬ ನಿಲ್ಲದ ಆಕಳಿನದು, ಮಿಶ್ರತಳಿಯ ಗಂಡು ಕರುವಿನದು. ಲೆಕ್ಕ ನೀವೇ ಹಾಕಿ. ಒಂದು ದನದ ಮೇವಿಗೆ ದಿನಕ್ಕೆ 100 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 36,500 ರೂಪಾಯಿ. ಈ ಹೊರೆ ಬೀಳುವುದು ಯಾರ ಮೇಲೆ? ಹುಲ್ಲು ಹೊರುವ, ಸೆಗಣಿ ಬಾಚುವ, ಬಟವಾಡೆಯ ಹಣದಲ್ಲಿ ಮನೆ ನಡೆಸುವ ನಿಮ್ಮ ಮೇಲೆಯೇ. ಮುಂಡಗೋಡ, ಹಳಿಯಾಳದ ಕಾಡಂಚಿನ ಗೌಳಿ ಮನೆಗಳಲ್ಲಿ ಎಮ್ಮೆಯೇ ಆಸ್ತಿ. ಅವರಿಗೆ 13 ವರ್ಷ ಎಂಬ ಒಂದು ಅಂಕಿಯೇ ದೊಡ್ಡ ಮಾತು. ಜೋಯಿಡಾದಲ್ಲಿ ಸಣ್ಣ ಮಲೆನಾಡು ಗಿಡ್ಡ ಕಟ್ಟಿದವರ ಲೆಕ್ಕ ಇನ್ನೊಂದು. ಕಾಯ್ದೆಯ ಒಂದೊಂದು ಸಾಲೂ ಒಂದೊಂದು ಕೊಟ್ಟಿಗೆಗೆ ಬೇರೆ ಬೇರೆ ರೀತಿಯಲ್ಲಿ ತಟ್ಟುತ್ತದೆ. ಆ ವಿಧೇಯಕ ಚರ್ಚೆಗೆ ಬಂದಾಗ ಈ ಲೆಕ್ಕವನ್ನು ಸದನದ ಮುಂದೆ ಇಡಬೇಕಾದವರು ನಾವೇ ಆಗಿದ್ದೆವು.

ಈಗ ಮಾಡಬೇಕಾದ್ದು

1. ಕಿವಿಯೋಲೆ ತೆಗೆಯಬೇಡಿ. 12 ಅಂಕಿಯ ಆ ಸಂಖ್ಯೆಯೇ ನಿಮ್ಮ ದನದ ಗುರುತು. ಬಿದ್ದುಹೋದರೆ ಪಶು ಆಸ್ಪತ್ರೆಗೆ ತಿಳಿಸಿ ಬೇರೆ ಹಾಕಿಸಿ.

2. ಮಾರುವಾಗ ಚೀಟಿ ಬರೆಯಿರಿ. ದಿನಾಂಕ, ಓಲೆ ಸಂಖ್ಯೆ, ಬೆಲೆ, ಕೊಳ್ಳುವವರ ಹೆಸರು ಮತ್ತು ಊರು, "ಹೈನುಗಾರಿಕೆಗಾಗಿ" ಎಂಬ ಉದ್ದೇಶ, ಇಬ್ಬರ ಸಹಿ, ಒಬ್ಬ ಸಾಕ್ಷಿ. ಒಂದು ಪ್ರತಿ ನಿಮ್ಮ ಬಳಿ ಇರಲಿ. ವಿಮೆ ಇದ್ದರೆ ವಿಮಾ ಕಂಪನಿಗೂ ತಿಳಿಸಿ.

3. ಗಾಡಿಯಲ್ಲಿ ಸಾಗಿಸುವ ಮೊದಲು ಪಶು ವೈದ್ಯಾಧಿಕಾರಿಯನ್ನು ಕೇಳಿ, ಬೇಕಾದ ಪ್ರಮಾಣಪತ್ರ ಪಡೆಯಿರಿ. ಸಾಗಾಟದ ವಿವರ ಕಾಯ್ದೆಗಿಂತ ನಿಯಮಗಳಲ್ಲಿ ಹೆಚ್ಚು ಇರುತ್ತದೆ. ನಿಯಮ ಬದಲಿಸಲು ಹೊಸ ವಿಧೇಯಕ ಬೇಕಿಲ್ಲ. ಹಾಗಾಗಿ ಹಿಂದಿನ ವರ್ಷ ಕೇಳಿದ್ದು ಈ ವರ್ಷಕ್ಕೆ ಸಾಲದು.

4. ಗಬ್ಬ ನಿಲ್ಲದ ಆಕಳನ್ನು "ಗೊಡ್ಡು" ಎಂದು ಬಿಡುವ ಮೊದಲು ಪರೀಕ್ಷೆ ಮಾಡಿಸಿ. ಖನಿಜ ಮಿಶ್ರಣದ ಕೊರತೆ, ಗರ್ಭಕೋಶದ ಸೋಂಕು, ಬೆದೆ ಗುರುತಿಸುವಲ್ಲಿನ ತಪ್ಪು, ಇವು ಹಲವು ಸಲ ಸರಿಹೋಗುವ ತೊಂದರೆಗಳು.

5. ಹೆಣ್ಣು ಕರುವನ್ನೇ ಹೆಚ್ಚಾಗಿ ಕೊಡುವ ಲಿಂಗ ನಿರ್ಧಾರಿತ ವೀರ್ಯದ ಬಗ್ಗೆ ಕೃತಕ ಗರ್ಭಧಾರಣೆ ಮಾಡುವವರನ್ನು ವಿಚಾರಿಸಿ. ಹತ್ತರಲ್ಲಿ ಸುಮಾರು ಒಂಬತ್ತು ಹೆಣ್ಣು ಕರು ಸಿಗುತ್ತದೆ.

ನಮ್ಮ ಮಾತು ಸದನ ಮುಟ್ಟುವುದು ಹೇಗೆ?

2020ರ ವಿಧೇಯಕ ಮಂಡನೆಯಾದ ದಿನವೇ ವಿಧಾನಸಭೆಯಲ್ಲಿ ಅಂಗೀಕಾರವಾಯಿತು ಎಂಬುದನ್ನು ಮರೆಯಬೇಡಿ. ಮಂಡನೆಯಾದ ಮೇಲೆ ಪತ್ರ ಬರೆಯಲು ಕೂತರೆ ಅದು ಅಂಚೆಯಲ್ಲಿರುವಾಗಲೇ ಕೆಲಸ ಮುಗಿದಿರುತ್ತದೆ. ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಎಚ್ಚರವಾಗಬೇಕು. ಚಳಿಗಾಲದ ಅಧಿವೇಶನ ಹೆಚ್ಚಾಗಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಯುತ್ತದೆ. ಬೆಂಗಳೂರಿಗೆ ಹೋಲಿಸಿದರೆ ನಮ್ಮ ನಾಲ್ಕೂ ತಾಲ್ಲೂಕುಗಳಿಗೆ ಬೆಳಗಾವಿ ಬಹಳ ಹತ್ತಿರ.

ಸಂಘದ ಸರ್ವಸದಸ್ಯರ ಸಭೆಯಲ್ಲಿ ವಿಷಯ ಎತ್ತಿ, ಠರಾವು ಬರೆಸಿ. ಒಬ್ಬರ ಪತ್ರಕ್ಕಿಂತ ನೂರು ಸದಸ್ಯೆಯರ ಠರಾವಿಗೆ ತೂಕ ಹೆಚ್ಚು. ಅದರ ಪ್ರತಿಯನ್ನು ನಿಮ್ಮ ಶಾಸಕರಿಗೆ, ಪಶುಸಂಗೋಪನಾ ಇಲಾಖೆಗೆ ಮತ್ತು ಒಕ್ಕೂಟಕ್ಕೆ ಕಳಿಸಿ. ಸಹಕಾರ ಕಾಯ್ದೆಯಲ್ಲಿ ಸಂಘದ ಆಡಳಿತ ಮಂಡಳಿಯ ಎರಡು ಸ್ಥಾನ ಮಹಿಳೆಯರಿಗೆ ಮೀಸಲಾಗಿವೆ; ಅದೂ ಒಂದು ಕಾಲಕ್ಕೆ ವಿಧೇಯಕದ ಸಾಲಾಗಿಯೇ ಬಂದದ್ದು. ಆ ಸ್ಥಾನದಲ್ಲಿ ಕೂತವರು ಸಹಿ ಹಾಕಿ ಎದ್ದು ಬರದೆ ಇಂಥ ವಿಷಯ ಮಂಡಿಸಲಿ.

ಮನೆಯಲ್ಲಿ ಪದವಿ ಮುಗಿಸಿದ ಮಗಳು, ಸೊಸೆ ಇದ್ದರೆ, ಪದವಿ ಪಡೆದು ಮೂರು ವರ್ಷವಾದ ಮೇಲೆ ಪದವೀಧರ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಅವರ ಹೆಸರು ಸೇರಿಸಿ. ಸಾಮಾನ್ಯ ಪಟ್ಟಿಯಲ್ಲಿ ಹೆಸರಿದ್ದರೆ ಇಲ್ಲಿ ತಾನಾಗಿ ಬರುವುದಿಲ್ಲ, ಬೇರೆ ಅರ್ಜಿ ಕೊಡಬೇಕು. ವಿಧೇಯಕಗಳ ಪ್ರತಿ ಕನ್ನಡದಲ್ಲೂ ಇರುತ್ತದೆ. ಅದರಲ್ಲಿ "ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ" ಎಂಬ ಸಣ್ಣ ಭಾಗವಿರುತ್ತದೆ. ಮೊದಲು ಅದನ್ನು ಮಕ್ಕಳ ಕೈಯಲ್ಲಿ ಗಟ್ಟಿಯಾಗಿ ಓದಿಸಿ. ಸರ್ಕಾರ ಯಾಕೆ ಈ ಕಾಯ್ದೆ ಬಯಸುತ್ತದೆ ಎಂಬುದು ಅಲ್ಲೇ ತಿಳಿಯುತ್ತದೆ.

ಮುಂದಿನ ಸಭೆಯಲ್ಲಿ ಚರ್ಚಿಸಿ

• ನಮ್ಮ ಊರಿನಲ್ಲಿ ಕರೆಯದ ದನ ಎಷ್ಟಿವೆ? ಅವುಗಳ ಮೇವಿನ ಖರ್ಚು ಎಷ್ಟು?

• ಕಳೆದ ವರ್ಷ ದನ ಮಾರಿದವರಲ್ಲಿ ಚೀಟಿ ಬರೆದವರು ಎಷ್ಟು ಜನ?

• ಜಾನುವಾರು ವಿಷಯದಲ್ಲಿ ನಾಳೆ ಒಂದು ತಿದ್ದುಪಡಿ ವಿಧೇಯಕ ಬಂದರೆ ಅದರಲ್ಲಿ ನಮ್ಮ ಯಾವ ಒಂದು ಮಾತು ಇರಬೇಕು?

ಮೂರನೆಯ ಪ್ರಶ್ನೆಗೆ ನೀವು ಕೊಡುವ ಉತ್ತರವನ್ನು ಕಾರ್ಯದರ್ಶಿಯವರಿಂದ ನಡಾವಳಿ ಪುಸ್ತಕದಲ್ಲಿ ಬರೆಸಿ. ಇನ್ನು ಮುಂದೆ ಹಾಲಿನ ಸರದಿಯಲ್ಲಿ ಯಾರಾದರೂ "ಹೊಸ ಕಾಯ್ದೆ ಬಂದೈತಂತ" ಅಂದರೆ ಎರಡೇ ಪ್ರಶ್ನೆ ಕೇಳಿ: "ಅದು ಈಗ ಯಾವ ಹಂತದಾಗ ಐತಿ? ಅದರಾಗ ಏನು ಬರದೈತಿ?"